ಓದುಗರ ಪ್ರಶ್ನೆ: ದೊಡ್ಡಗೌಡರನ್ನು ಕಂಡು ಮಾತಾಡಿಸುವುದು ಹೇಗೆ?

ಪ್ರಶ್ನೆ: 1996ರಲ್ಲಿ ಎಚ್.ಡಿ. ದೇವೇಗೌಡರು ಪ್ರಧಾನಿಯಾದಾಗ ನಾನು ಏಳನೇ ಕ್ಲಾಸು. ಆಗಿನಿಂದ ಅವರೇ ನನ್ನ ಹೀರೊ. ಒಮ್ಮೆ ಎದುರು ಕೂತು ಮಾತಾಡುವ ಆಸೆ. ಪಕ್ಷದಲ್ಲಿ ಯಾರ ಪರಿಚಯವೂ ಇಲ್ಲ. ಹೇಗೆ ಹೋಗಲಿ, ಹೋಗಿ ಏನು ಮಾತಾಡಲಿ?
– ಓದುಗರು, ಅರಸೀಕೆರೆ

ಉತ್ತರ: ಪರಿಚಯದವರನ್ನು ಹುಡುಕುತ್ತ ಕೂರುವ ಬದಲು ಒಂದು ಪತ್ರ ಬರೆಯಿರಿ. ಒಂದೇ ಪುಟ, ಕನ್ನಡದಲ್ಲೇ. ಊರು, ಕೆಲಸ, ಫೋನ್ ನಂಬರ್, ಎಷ್ಟು ಜನ ಬರುತ್ತೀರಿ, ಎಷ್ಟು ನಿಮಿಷ ಬೇಕು ಎಂಬುದೆಲ್ಲ ಮೊದಲ ಅರ್ಧ ಪುಟದಲ್ಲೇ ಮುಗಿಯಲಿ. ‘ಯಾವ ಅಹವಾಲೂ ಇಲ್ಲ, ಕಂಡು ಮಾತಾಡಿಸಬೇಕು ಅಷ್ಟೇ’ ಎಂಬ ಸಾಲನ್ನು ಮರೆಯಬೇಡಿ. ರಾಜಕಾರಣಿಗಳಿಗೆ ಬರುವ ಕಾಗದಗಳಲ್ಲಿ ವರ್ಗಾವಣೆ, ಶಿಫಾರಸಿನವೇ ಬಹಳ. ನಿಮ್ಮದು ಬೇರೆ ಎಂದು ಆಪ್ತ ಸಹಾಯಕರಿಗೆ ಓದುತ್ತಲೇ ಗೊತ್ತಾಗಬೇಕು. ಪತ್ರವನ್ನು ಬೆಂಗಳೂರಿನ ಶೇಷಾದ್ರಿಪುರದಲ್ಲಿರುವ ಅವರ ಪಕ್ಷ ಜೆಡಿಎಸ್‌ನ ಕಚೇರಿ ಜೆ.ಪಿ. ಭವನಕ್ಕೆ ಕೈಯಾರೆ ಕೊಟ್ಟು, ತೆಗೆದುಕೊಂಡವರ ಹೆಸರು ಕೇಳಿಟ್ಟುಕೊಳ್ಳಿ. ಹತ್ತು ದಿನ ಬಿಟ್ಟು ಆ ಹೆಸರು ಹೇಳಿಯೇ ವಿಚಾರಿಸಿ.

ಮೇ 18ಕ್ಕೆ, ಅಂದರೆ ಅವರ ಹುಟ್ಟುಹಬ್ಬಕ್ಕೆ ಹೋಗಬೇಡಿ. ಆ ದಿನ ಹಾರ-ತುರಾಯಿ ಹಿಡಿದವರ ಸಾಲಿನಲ್ಲಿ ನಿಮ್ಮ ಪಾಲಿಗೆ ಒಂದು ನಮಸ್ಕಾರ ಸಿಕ್ಕಿದರೆ ಹೆಚ್ಚು. ಚುನಾವಣೆಯ ತಿಂಗಳೂ ಬೇಡ. ಅವರು ಹುಟ್ಟಿದ್ದು 1933ರಲ್ಲಿ; ಆ ವಯಸ್ಸಿನವರ ಭೇಟಿ ಹಿಂದಿನ ಸಂಜೆ ನಿಗದಿಯಾಗಿ ಬೆಳಗ್ಗೆ ರದ್ದಾಗುವುದುಂಟು. ಹೊರಡುವ ಮೊದಲು ಫೋನ್ ಮಾಡಿ, ಕೈಯಲ್ಲಿ ಒಂದು ದಿನ ಹೆಚ್ಚಿಗೆ ಇಟ್ಟುಕೊಳ್ಳಿ. ನೆಗಡಿ, ಕೆಮ್ಮು ಇದ್ದರೆ ನೀವೇ ಮುಂದಕ್ಕೆ ಹಾಕಿಸಿ.

ಇನ್ನು ಮಾತು. ‘ಚಿಕ್ಕಂದಿನಿಂದ ನಿಮ್ಮ ಅಭಿಮಾನಿ’ ಎಂದರೆ ‘ಸಂತೋಷ’ ಅನ್ನುತ್ತಾರೆ, ಅಲ್ಲಿಗೆ ಮಾತು ಮುಗಿಯಿತು. ಅಂಥ ಮಾತನ್ನು ಅವರು ಸಾವಿರಾರು ಜನರ ಬಾಯಲ್ಲಿ ಕೇಳಿರುತ್ತಾರೆ. ಅವರೇ ಕೂತು ಮಾಡಿದ ಒಂದು ಕೆಲಸ ಹಿಡಿದು ಕೇಳಿ, ಆಗ ಮಾತು ತೆರೆದುಕೊಳ್ಳುತ್ತದೆ. ಸಿವಿಲ್ ಡಿಪ್ಲೊಮಾ ಓದಿದವರು, ಲೋಕೋಪಯೋಗಿ, ನೀರಾವರಿ ಖಾತೆ ನೋಡಿದವರು. ನೀರಿನ ವಿಷಯವೇ ಒಳ್ಳೆಯದು.

ನಮಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಫರಕ್ಕಾ ಒಪ್ಪಂದ. ಫರಕ್ಕಾ ಎಂದರೆ ಪಶ್ಚಿಮ ಬಂಗಾಳದಲ್ಲಿ ಗಂಗೆಗೆ ಅಡ್ಡಲಾಗಿ ಕಟ್ಟಿದ ಬ್ಯಾರೇಜ್. 1996ರ ಡಿಸೆಂಬರ್ 12ರಂದು ದೆಹಲಿಯಲ್ಲಿ ಬಾಂಗ್ಲಾದೇಶದ ಪ್ರಧಾನಿ ಶೇಖ್ ಹಸೀನಾ ಜೊತೆ ಸಹಿಯಾದ ಇದರ ಅವಧಿ 30 ವರ್ಷ. ಜನವರಿಯಿಂದ ಮೇವರೆಗೆ ಹತ್ತು ಹತ್ತು ದಿನದ ಲೆಕ್ಕದಲ್ಲಿ ಗಂಗೆಯ ನೀರು ಹಂಚಿಕೆ. ಫರಕ್ಕಾದಲ್ಲಿ ಹರಿವು 70,000 ಕ್ಯೂಸೆಕ್ ಅಥವಾ ಕಡಿಮೆ ಇದ್ದರೆ ಅರ್ಧರ್ಧ. 70,000ದಿಂದ 75,000ದ ನಡುವೆ ಬಾಂಗ್ಲಾಕ್ಕೆ 35,000, ಉಳಿದದ್ದು ನಮಗೆ. ಅದಕ್ಕೂ ಮೇಲಾದರೆ ನಮಗೆ 40,000, ಉಳಿದದ್ದು ಅವರಿಗೆ. ಹನ್ನೊಂದು ತಿಂಗಳೂ ತುಂಬದ ಸರ್ಕಾರ ಮಾಡಿದ ಕೆಲಸ ಇದು. ಕಾವೇರಿಗಾಗಿ ಜೀವಮಾನವಿಡೀ ಜಗಳ ಕಾದ ಮನುಷ್ಯ ಇನ್ನೊಂದು ದೇಶಕ್ಕೆ ನೀರು ಬಿಡುವ ಕರಾರಿಗೆ ಸಹಿ ಹಾಕಿದರಲ್ಲ, ಆಗ ಮನಸ್ಸಿನಲ್ಲಿ ಏನಿತ್ತು? ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಅವರನ್ನು ಹೇಗೆ ಜೊತೆಗೆ ಕರೆದುಕೊಂಡರು? ಈ ಎರಡರಲ್ಲಿ ಒಂದನ್ನು ಕೇಳಿ ಸುಮ್ಮನೆ ಕೂತು ಕೇಳಿಸಿಕೊಳ್ಳಿ. ನಡುವೆ ಬಾಯಿ ಹಾಕಬೇಡಿ. ಹಿರಿಯರು ನೆನಪು ಮಾಡಿಕೊಳ್ಳಲು ತಡೆದು ನಿಂತಾಗ ಮಾತು ಮುಗಿಯಿತೆಂದು ಎದ್ದುಬಿಡುವವರೇ ಹೆಚ್ಚು.

ಎದುರಿಗೆ ದೂರ ಕೂರುವುದಕ್ಕಿಂತ ಪಕ್ಕಕ್ಕೆ ಹತ್ತಿರ ಕೂರಿ. ಯಾವ ಕಿವಿ ಚೆನ್ನಾಗಿ ಕೇಳುತ್ತದೆ ಎಂದು ಸಹಾಯಕರನ್ನು ಮೊದಲೇ ಕೇಳಿಟ್ಟುಕೊಂಡರೆ ತಪ್ಪಿಲ್ಲ. ಕಿರುಚಬೇಡಿ, ನಿಧಾನವಾಗಿ ಬಿಡಿಸಿ ಹೇಳಿ. ಫೋಟೊ ಕೊನೆಗೆ, ಕೇಳಿಕೊಂಡು. ಕಿಟಕಿಯ ಬೆಳಕು ಬೆನ್ನ ಹಿಂದಿದ್ದರೆ ಮುಖ ಕಪ್ಪಾಗುತ್ತದೆ, ಪಕ್ಕದಿಂದ ಬೀಳುವಂತೆ ನೋಡಿಕೊಳ್ಳಿ. ಫ್ಲ್ಯಾಶ್ ಬೇಡ.

ಪ್ರಶ್ನೆ: ಪ್ರಮಾಣವಚನದ ಮರುದಿನದ ಪತ್ರಿಕೆ ನಮ್ಮ ತಂದೆ ಎತ್ತಿಟ್ಟಿದ್ದಾರೆ. ಅದರ ಮೇಲೆ ಗೌಡರ ಸಹಿ ಹಾಕಿಸಬಹುದೆ?
– ಓದುಗರು, ಮಂಡ್ಯ

ಉತ್ತರ: ಮೂಲ ಪ್ರತಿಯ ಮೇಲೆ ಬೇಡ. ಸುದ್ದಿ ಕಾಗದದಲ್ಲಿ ಆಮ್ಲದ ಅಂಶ ಇರುತ್ತದೆ. ಇಷ್ಟು ವರ್ಷಕ್ಕೆ ಹಳದಿಗಟ್ಟಿ, ಮಡಿಕೆಯಲ್ಲಿ ಮುರಿಯುವ ಹಾಗಾಗಿರುತ್ತದೆ. ಬಾಲ್‌ಪೆನ್ ಒತ್ತಿದರೆ ಹರಿಯುತ್ತದೆ, ಇಂಕ್ ಪೆನ್ನಾದರೆ ಶಾಯಿ ಹಬ್ಬುತ್ತದೆ. ಮುಖಪುಟವನ್ನು ಸ್ಕ್ಯಾನ್ ಮಾಡಿಸಿ, ಆಮ್ಲರಹಿತ ದಪ್ಪ ಕಾಗದದ ಮೇಲೆ ಎ3 ಅಳತೆಯಲ್ಲಿ ಪ್ರಿಂಟ್ ತೆಗೆಸಿ. ನುಣುಪಾದ ಹೊಳೆಯುವ ಕಾಗದ ಬೇಡ, ಸಹಿ ಒರೆಸಿಹೋಗುತ್ತದೆ. ಅಡಿಗೆ ಗಟ್ಟಿ ರಟ್ಟು ಕೊಟ್ಟು, ಪಿಗ್ಮೆಂಟ್ ಶಾಯಿಯ ಮಧ್ಯಮ ಮೊನೆಯ ಪೆನ್ನನ್ನು ಕ್ಯಾಪ್ ತೆಗೆದೇ ಕೈಗೆ ಕೊಡಿ. ವಯಸ್ಸಾದ ಕೈಗೆ ಸಣ್ಣ ಮೊನೆ ಕಷ್ಟ. ಸಹಿ ಆದ ಮೇಲೆ ಒಣಗಲು ಐದು ನಿಮಿಷ ಬಿಟ್ಟು ಮಡಿಸದೆ ತನ್ನಿ. ಮೂಲ ಪತ್ರಿಕೆಯನ್ನು ಬಿಡಿಸಿ, ಪಾಲಿಯೆಸ್ಟರ್ ಹಾಳೆಗಳ ನಡುವೆ ಬಿಸಿಲು ಬೀಳದ ಕಡೆ ಇಡಿ. ಲ್ಯಾಮಿನೇಷನ್, ಸೆಲೋಟೇಪ್ ಎರಡೂ ಅದನ್ನು ಹಾಳು ಮಾಡುತ್ತವೆ.

ಪ್ರಶ್ನೆ: 2023ರಲ್ಲಿ ಜೆಡಿಎಸ್ ಎನ್‌ಡಿಎ ಸೇರಿದ್ದು ನನಗೆ ಬೇಸರ ತಂದಿದೆ. ಕಾಣಲು ಹೋದಾಗ ಆ ಮಾತು ಎತ್ತಬಹುದೆ?
– ಓದುಗರು, ತುಮಕೂರು

ಉತ್ತರ: ಎತ್ತಬಹುದು, ಎತ್ತಬೇಕು ಕೂಡ. ಅರವತ್ತು ವರ್ಷಕ್ಕೂ ಮಿಕ್ಕಿ ಸಾರ್ವಜನಿಕ ಬದುಕಿನಲ್ಲಿದ್ದವರಿಗೆ ಪ್ರಶ್ನೆ ಹೊಸದಲ್ಲ. ಆದರೆ ಮೊದಲ ಮಾತೇ ಅದಾಗದಿರಲಿ, ಪಕ್ಷದವರು ಸುತ್ತ ನಿಂತಿರುವಾಗಲೂ ಬೇಡ. ಆಗ ಆ ಪಕ್ಷದವರಿಗಾಗಿಯೇ ಉತ್ತರ ಬಂದುಬಿಡುತ್ತದೆ. ‘ನೀವು ಹೀಗೆ ಮಾಡಿದ್ದು ತಪ್ಪು’ ಎನ್ನುವ ಬದಲು ‘ಸಂಯುಕ್ತ ರಂಗದ ಪ್ರಧಾನಿಯಾಗಿದ್ದವರು ನೀವು, ಈ ತೀರ್ಮಾನಕ್ಕೆ ಬಂದದ್ದು ಹೇಗೆ ಸರ್?’ ಎಂದು ಕೇಳಿ. ಒಮ್ಮೆ ಕೇಳಿದರೆ ಸಾಕು. ಮೊಬೈಲಿನಲ್ಲಿ ಗುಟ್ಟಾಗಿ ರೆಕಾರ್ಡ್ ಮಾಡುವುದಂತೂ ಖಂಡಿತ ಕೂಡದು.