ಎಕೋಸ್ ಕೇಳೋಕೆ ಕೂರುವ ಮುಂಚೆ

ಇಂಗ್ಲೆಂಡಿನ ರಾಕ್ ತಂಡ ಪಿಂಕ್ ಫ್ಲಾಯ್ಡ್‌ನ 'ಎಕೋಸ್' ಹಾಡನ್ನು ಜನ ಇಷ್ಟು ವರ್ಷ ಯಾಕೆ ಹಚ್ಚಿಕೊಂಡಿದ್ದಾರೆ, ನನಗೆ ಹನ್ನೊಂದನೇ ನಿಮಿಷಕ್ಕೇ ಬೇಸರ ಬಂತು ಅಂತ ಕೇಳಿದ್ದೀರಿ. ಮೊಬೈಲ್ ಸ್ಪೀಕರಿನಲ್ಲಿ ಕೇಳಿದೆ ಅಂದಿರಲ್ಲ, ಮೊದಲು ಅದನ್ನು ಬಿಡಿ. ರಾತ್ರಿ ಇಯರ್‌ಫೋನ್ ಹಾಕಿಕೊಂಡು ಕೂತ್ಕೊಳ್ಳಿ.

1971ರ ಹಾಡು, 23 ನಿಮಿಷ, ಎಲ್‌ಪಿಯ, ಅಂದರೆ ದೊಡ್ಡ ಗ್ರಾಮಫೋನ್ ತಟ್ಟೆಯ, ಒಂದು ಬದಿ ಪೂರ್ತಿ ಅದೇ. ಶುರುವಿನ ಆ 'ಟಿಂಗ್' ಪಿಯಾನೋದ ಒಂದೇ ಸ್ವರ. ಒಳಗೆ ತಿರುಗುವ ಲೆಸ್ಲಿ ಸ್ಪೀಕರಿನಿಂದ ಹಾಯಿಸಿದ್ದರಿಂದ ನೀರಿಗೆ ಹನಿ ಬಿದ್ದ ಹಾಗೆ ಕೇಳುತ್ತೆ. ನೀವು ನಿಲ್ಲಿಸಿದ ಜಾಗದಲ್ಲೇ ತಾಳ ಕರಗಿ, ಗಾಳಿ ಬೀಸಿ, ಏನೋ ಚೀರುತ್ತೆ. ಅದೂ ಗಿಟಾರೇ, ಕಾಲಲ್ಲಿ ಒತ್ತಿ ಗಿಟಾರಿನ ದನಿ ಬದಲಿಸುವ ವಾ-ವಾ ಪೆಡಲ್ಲಿಗೆ ವೈರು ತಿರುವುಮುರುವಾಗಿ ಸಿಕ್ಕಿಸಿದ್ದು! ಆಮೇಲೆ ಕತ್ತಲಲ್ಲಿ ಆ 'ಟಿಂಗ್' ವಾಪಸ್ ಬರುತ್ತೆ. ನನಗೆ ಈಗಲೂ ಮೈ ಜುಮ್ಮೆನ್ನುತ್ತೆ.

ನೀವು ಕುಂಬಳೆಯವರು ಅಂದಿರಿ. ಬಯಲಾಟಕ್ಕೆ ಹೋಗಿಯೇ ಇರ್ತೀರಿ, ಅಲ್ವಾ? ನಾನು ಚಿಕ್ಕವನಿದ್ದಾಗ ಅಜ್ಜನ ಪಕ್ಕ ಚಾಪೆ ಮೇಲೆ ನಿದ್ದೆ ಹೋಗಿ, ನಡುರಾತ್ರಿ ಚೆಂಡೆ ಏರಿದಾಗ ಎದ್ದು ಕೂರುತ್ತಿದ್ದೆ. ಅಷ್ಟು ಹೊತ್ತು ಕಾದಿದ್ದಕ್ಕೇ ಆ ಚೆಂಡೆಯ ಏಟಿಗೆ ಅಷ್ಟು ಬಲ. ಇಲ್ಲೂ ಹಾಗೇ.

ಉದ್ದ ಜಾಸ್ತಿ ಅನಿಸಿದರೆ ಬೀಟಲ್ಸ್‌ನ 'ಟುಮಾರೋ ನೆವರ್ ನೋಸ್' ಮೊದಲು ಕೇಳಿ. 1966ರದ್ದು, ಬರೀ 3 ನಿಮಿಷ. ಅದರಲ್ಲಿ ನಮ್ಮ ತಂಬೂರಿಯ ಶ್ರುತಿ ಇದೆ, ಕಿವಿಗೆ ಬೇಗ ಹತ್ತುತ್ತೆ. ಕೇಳಿ ಇಲ್ಲೇ ಬರೀರಿ, ಕಾಯ್ತಿರ್ತೇನೆ.