ಹಳಿಗೆ ಗ್ರೀಸೂ ಹಚ್ಚತಾರ, ಉಸುಕೂ ಹಾಕ್ತಾರ, ಯಾಕ್ರೀ?

ಪ್ರಶ್ನೆ: ಸರ್, ನಮ್ಮ ಮಾವನ ಊರು ಲೋಂಡಾ. ಅಲ್ಲಿ ಟರ್ನಿಂಗ್‌ನ್ಯಾಗ ಗ್ಯಾಂಗಮನ್ ಒಬ್ರು ಡಬ್ಬಿ ಹಿಡ್ಕೊಂಡು ಹಳಿಗೆ ಕರೀ ಗ್ರೀಸ್ ಹಚ್ಚೋದು ನೋಡೀನಿ. ಆದ್ರ ಮಳಿಗಾಲದಾಗ ಗಾಲಿ ಜಾರಬಾರದಂತ ಇಂಜಿನ್‌ನಿಂದ ಉಸುಕು ಬಿಡ್ತಾರಲ್ಲ. ಒಬ್ರು ಜಾರಸೋದು, ಇನ್ನೊಬ್ರು ಹಿಡಸೋದು, ಇದೇನ್ ಲೆಕ್ಕ?
– ಓದುಗರೊಬ್ಬರು, ಖಾನಾಪುರ

ಉತ್ತರ: ಹಳಿ ಒಂದೇ ಖರೆ, ಜಾಗ ಬ್ಯಾರೆ. ಉಸುಕು ಬೀಳೋದು ಹಳಿ ತಲಿ ಮ್ಯಾಲೆ, ಗ್ರೀಸ್ ಹಚ್ಚೋದು ತಲಿಯ ಒಳಮಗ್ಗಲಿಗೆ, ಅದೂ ಟರ್ನಿಂಗ್‌ನ್ಯಾಗ ಹೊರಗಿನ ಹಳಿಗೆ.

ನಮ್ಮ ಚಕ್ಕಡಿ ನೆನಸ್ಕೋರಿ. ಅದರ ಎರಡೂ ಗಾಲಿ ಅಚ್ಚಿನ ಮ್ಯಾಲೆ ತಮ್ಮ ಪಾಡಿಗೆ ತಾವು ತಿರಗತಾವ, ಹಂಗಾಗಿ ಹೊಳ್ಳಿಸುವಾಗ ಹೊರಗಿನ ಗಾಲಿ ಜಾಸ್ತಿ ಉರುಳಿದ್ರೂ ತಕರಾರಿಲ್ಲ, ಅಚ್ಚಿಗೆ ಒಂದಿಷ್ಟು ಕೀಲೆಣ್ಣಿ ಇದ್ರ ಸಾಕು. ರೈಲಿಂದು ಹಂಗಲ್ಲ, ಎರಡೂ ಗಾಲಿ ಒಂದೇ ಅಚ್ಚಿಗೆ ಗಟ್ಟಿಯಾಗಿ ಕೂತಿರತಾವ, ಒಂದು ಸುತ್ತು ತಿರುಗಿದ್ರ ಇನ್ನೊಂದೂ ಒಂದೇ ಸುತ್ತು, ಆದ್ರ ಟರ್ನಿಂಗ್‌ನ್ಯಾಗ ಹೊರಗಿನ ಹಳಿ ಉದ್ದ. ಅದಕ್ಕಂತ ಗಾಲಿನ್ನ ಸ್ವಲ್ಪ ಇಳಿಜಾರಾಗಿ ಮಾಡಿರತಾರ, ಒಳಗ ದಪ್ಪ, ಹೊರಗ ಸಣ್ಣ. ಟರ್ನಿಂಗ್ ಸಾವಕಾಶ ಹೊಳ್ಳೋದಿದ್ರ ಇದ್ರಾಗೇ ಸುಧಾರಿಸ್ಕೋತದ. ಬಿಗಿ ಟರ್ನಿಂಗ್ ಬಂತಂದ್ರ ಗಾಲಿ ಅಂಚು, ಅದೇ ಫ್ಲ್ಯಾಂಜ್, ಹೊರಗಿನ ಹಳಿಗೆ ಒತ್ತಿ ತಿಕ್ಕತದ. ಅಲ್ಲಿ ಹಳಿನೂ ಸವೀತದ, ಫ್ಲ್ಯಾಂಜೂ ತೆಳ್ಳಗಾಗತದ. ತೆಳ್ಳಗಾದ ಫ್ಲ್ಯಾಂಜ್ ಸರಿ ಮಾಡ್ಬೇಕಂದ್ರ ಲೇಥಿಗೆ ಹಾಕಿ ಗಾಲಿ ಮ್ಯಾಲಿನ ಛಲೋ ಉಕ್ಕನ್ನೂ ಕೆರೀಬೇಕು, ಅದೇ ನನಗ ದೊಡ್ಡ ಲುಕ್ಸಾನ್ ಅನಸತದ.

ಒಣಾ ಹಳಿ ಮ್ಯಾಲೆ ಘರ್ಷಣೆ ಗುಣಾಂಕ, ಅಂದ್ರ ಗಾಲಿಗೆ ಹಳಿ ಎಷ್ಟು ಹಿಡೀತದ ಅನ್ನೋ ಅಳತಿ, ಹೆಚ್ಚುಕಮ್ಮಿ 0.3ರಿಂದ 0.5, ಗ್ರೀಸ್ ಇದ್ದಲ್ಲಿ 0.1ರ ಆಸುಪಾಸು. ಈ ಇಳಿತ ಮಗ್ಗಲಿಗೆ ಬೇಕು, ತಲಿಗೆ ಬ್ಯಾಡ. ನಿಮ್ಮ ಲೋಂಡಾ ದಾಟಿ ಕ್ಯಾಸಲ್‌ರಾಕ್‌ನಿಂದ ಕುಳೆಂ ಕಡೆ ಇಳಿಯೋ ಘಾಟಿನ ಏರು 37ಕ್ಕ 1, ಅಂದ್ರ 37 ಮೀಟರ್‌ಗೆ 1 ಮೀಟರ್. ಅಲ್ಲಿ ಗಾಡಿ ಮ್ಯಾಲೆ ಹತ್ತುವಾಗ ಹಿಂದಿಂದ ದಬ್ಬಾಕ ಬ್ಯಾರೆ ಇಂಜಿನ್ ಹಚ್ಚತಾರ. ಗ್ರೀಸ್ ತಲಿ ಮ್ಯಾಲೆ ಏರಿತಂದ್ರ ಅಷ್ಟು ಇಂಜಿನ್ ಇದ್ದೂ ಗಾಲಿ ಅಲ್ಲೇ ಗಿರಗಿರ ತಿರಗತದ, ಹಳಿ ಕಾದು ತಗ್ಗು ಬೀಳತದ, ಇಳಿಯುವಾಗಂತೂ ಬ್ರೇಕಿನ ಪ್ರಶ್ನೆ! ಹಂಗಾಗಿ ಗ್ರೀಸ್ ಕೈಬಿಟ್ಟು ಹಚ್ಚೋದಲ್ಲ. ಎಷ್ಟೋ ಇಂಜಿನ್‌ನ್ಯಾಗ ಫ್ಲ್ಯಾಂಜಿಗಷ್ಟೇ ಹಚ್ಚೋ ವ್ಯವಸ್ಥೆನೇ ಇರತದ.

ಮತ್ತ ಆ ಕಿರ್ರ್ ಅನ್ನೋ ಸಪ್ಪಳ ಐತಲ್ಲ, ಅದ್ರಾಗ ಬಾಳಷ್ಟು ಗಾಲಿ ತಲಿ ಮ್ಯಾಲೆ ಅಡ್ಡಡ್ಡ ಜಾರೋದ್ರಿಂದ ಬರೋದು, ಮಗ್ಗಲಿನ ಗ್ರೀಸಿಗೆ ಪೂರ್ತಿ ಹೋಗಂಗಿಲ್ಲ. ಅದಕ್ಕ ಫ್ರಿಕ್ಷನ್ ಮಾಡಿಫೈಯರ್ ಅಂತ ಬ್ಯಾರೆ ಮಾಲು ಬರತದ, ಪೂರಾ ಜಾರಸಂಗೂ ಇಲ್ಲ, ಪೂರಾ ಹಿಡಸಂಗೂ ಇಲ್ಲ.

ಪ್ರಶ್ನೆ: ಚಳಿಗಾಲದಾಗ ಹಳಿ ಜೋಡಣಿ ಬಿಚ್ಚಿ ಕರೀದೇನೋ ಬಳೀತಾರಲ್ಲ, ತುಕ್ಕಿಗೇನ್ರೀ?
– ಓದುಗರೊಬ್ಬರು, ಬಾಗಲಕೋಟೆ

ಉತ್ತರ: ತುಕ್ಕಿಗೂ ಹೌದು, ಆದ್ರ ಮುಖ್ಯ ಕೆಲಸ ಬ್ಯಾರೆ. ಅದು ಗ್ರಾಫೈಟ್ ಕಲಸಿದ ಎಣ್ಣಿ. 13 ಮೀಟರ್ ಹಳಿ 30 ಡಿಗ್ರಿ ಬಿಸಿ ಏರಿದ್ರ 4–5 ಮಿಲಿಮೀಟರ್ ಉದ್ದ ಆಗತದ, ಆಗ ಫಿಶ್‌ಪ್ಲೇಟಿನ, ಅಂದ್ರ ಎರಡು ಹಳಿ ಜೋಡಸೋ ಉಕ್ಕಿನ ಪಟ್ಟಿಗಳ, ನಡುವ ಸರಾಗ ಸರೀಬೇಕು. ನಮ್ಮ ಬಾಗಲಕೋಟಿ ಬಿಸಲಿಗೆ ಜೋಡಣಿ ಹಿಡ್ಕೊಂಡ್ತಂದ್ರ ಹಳಿ ಮಗ್ಗಲಿಗೆ ಸೊಟ್ಟ ಆಗೋ ಭಯ. ಅದಕ್ಕ ಬ್ಯಾಸಗಿ ಬರೋದ್ರಾಗ, ಅಕ್ಟೋಬರ್‌ನಿಂದ ಫೆಬ್ರವರಿ ಒಳಗ, ಈ ಕೆಲಸ ಮುಗಸ್ತಾರ.