ನೀವು ಅವರಿಗೆ ಏನಾಗಬೇಕು?

ನಿಮ್ಮನ್ನು ಸಾಕಿ ಬೆಳೆಸಿದ ತಾಯಿ 59ನೇ ವಯಸ್ಸಿನಲ್ಲಿ ಮದುವೆಯಾಗುತ್ತಿದ್ದಾರೆ, ಆ ಮನೆಯಲ್ಲಿ ಬೆಳೆದ ನಾಲ್ವರೂ ಒಂದೆಡೆ ಸೇರದೆ ವರ್ಷಗಳೇ ಕಳೆದಿವೆ, ಅವರ ರಕ್ತಸಂಬಂಧಿಗಳ ನಡುವೆ ನಿಮ್ಮ ಸ್ಥಾನ ಯಾವುದು, ಅತಿಥಿಗಳಂತೆ ಉಂಡು ಎದ್ದು ಬರಬೇಕೇ ಎಂದು ಕೇಳಿದ್ದೀರಿ. ಅತಿಥಿಗಳಂತೆ ಹೋಗಬೇಡಿ, ಮನೆಯವರಾಗಿ ಎರಡು ದಿನ ಮೊದಲೇ ಹೋಗಿ ಎಂಬುದು ನನ್ನ ಉತ್ತರ. ಇದೇ ಅಳುಕನ್ನು ಹೊತ್ತು ನಾನೂ ಅಂಥದೊಂದು ಮದುವೆಗೆ ಹೋಗಿದ್ದೆನಾದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ನಮ್ಮಮ್ಮ ಸಾಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿದ್ದರು. ಊರಿಗೆಲ್ಲ ಅಕ್ಕೋರು. ಮದುವೆಯಾಗದೆ, ಬೇರೆ ಬೇರೆ ಕಾಲದಲ್ಲಿ, ಹೆತ್ತವರಿಲ್ಲದ ಅಥವಾ ಇದ್ದೂ ನೋಡಿಕೊಳ್ಳಲಾಗದ ಮನೆಗಳ ಐದು ಮಕ್ಕಳನ್ನು ಸಾಕಿದರು. ಈಗ ಇದಕ್ಕೆ 2015ರ ಬಾಲನ್ಯಾಯ ಕಾಯ್ದೆಯಿದೆ, ಮಕ್ಕಳ ಕಲ್ಯಾಣ ಸಮಿತಿಯ ಆದೇಶವಿದೆ. 35ರಿಂದ 60 ವರ್ಷದೊಳಗಿನ ಒಂಟಿ ಮಹಿಳೆಯೂ ಮಗುವನ್ನು ಪೋಷಣೆಗೆ ಪಡೆಯಬಹುದೆಂದು ಕೇಂದ್ರದ ಮಾರ್ಗಸೂಚಿ 2024ರಲ್ಲಿ ಸ್ಪಷ್ಟಪಡಿಸಿದೆ. ನಮ್ಮ ಕಾಲದಲ್ಲಿ ಇದ್ದದ್ದು ಊರಿನ ನಾಲ್ಕು ಜನರ ಒಪ್ಪಿಗೆ ಮತ್ತು ಅಮ್ಮನ ಸಂಬಳ, ಅಷ್ಟೇ. ನಾನು 9ನೇ ವಯಸ್ಸಿನಲ್ಲಿ ಆ ಮನೆಗೆ ಬಂದ ಮೂರನೆಯವಳು. ನಿವೃತ್ತರಾದ ಮರುವರ್ಷ, 61ನೇ ವಯಸ್ಸಿನಲ್ಲಿ, ಅವರು ಹೆಂಡತಿಯನ್ನು ಕಳೆದುಕೊಂಡಿದ್ದ ತಮ್ಮ ಹಳೆಯ ಸಹೋದ್ಯೋಗಿಯೊಬ್ಬರನ್ನು ಮದುವೆಯಾಗುವುದಾಗಿ ಫೋನ್ ಮಾಡಿ ತಿಳಿಸಿದರು.

ಒಂದೇ ಮನೆಯಲ್ಲಿ ಬೆಳೆದವರೆಂದ ಮಾತ್ರಕ್ಕೆ ಸಾಕುಮಕ್ಕಳು ಒಟ್ಟಿಗೆ ಬೆಳೆದವರಲ್ಲ. ನಮ್ಮಲ್ಲಿ ದೊಡ್ಡಣ್ಣ ಕೆಲಸ ಹುಡುಕಿಕೊಂಡು ಮನೆ ಬಿಟ್ಟ ಮೇಲೆಯೇ ಕೊನೆಯವಳು ಬಂದದ್ದು; ಅವರಿಬ್ಬರೂ ಪರಸ್ಪರ ಮುಖ ನೋಡಿದ್ದೇ ಈ ಮದುವೆಯಲ್ಲಿ. ಅಣ್ಣನಿಗೆ ಗೊತ್ತಿದ್ದ ಅಮ್ಮ ಇಪ್ಪತ್ತೆಂಟರ ಸಿಡುಕಿನ ಹುಡುಗಿ, ತಂಗಿಗೆ ಗೊತ್ತಿದ್ದವರು ಮಂಡಿನೋವಿನ, ನಿಧಾನವಾಗಿ ಮಾತಾಡುವ ಅಮ್ಮ. ನೀವು ನಾಲ್ವರು ಕೂಡಿದಾಗಲೂ ಹೀಗಾಗಬಹುದು. ಯಾರ ನೆನಪು ನಿಜವಾದದ್ದೆಂದು ವಾದ ಮಾಡಲು ಹೋಗದೆ, ಒಬ್ಬೊಬ್ಬರೂ ಹೇಳಿದ್ದನ್ನು ಕೇಳಿಸಿಕೊಳ್ಳಿ.

ಮದುವೆಗೆ ಎರಡು ದಿನ ಮುಂಚೆ, ಅಡಿಕೆ ಮರದ ಕಂಬ ನೆಟ್ಟು ಸೋಗೆ ಹೊದಿಸಿ ಚಪ್ಪರ ಹಾಕುತ್ತಿದ್ದ ಹೊತ್ತಿನಲ್ಲಿ, ಅಮ್ಮ ನನ್ನನ್ನು ಅಟ್ಟ ಹತ್ತಿಸಿ ಗೋಣಿಯಲ್ಲಿ ಸುತ್ತಿಟ್ಟಿದ್ದ ಸ್ಟೀಲ್ ತಟ್ಟೆಗಳನ್ನು ಇಳಿಸಿದರು. ಪ್ರತಿಯೊಂದು ಮಗು ಮನೆಗೆ ಬಂದ ವಾರದಲ್ಲೇ ಸಾಗರದ ಪಾತ್ರೆ ಅಂಗಡಿಗೆ ಕರೆದುಕೊಂಡು ಹೋಗಿ, ಒಂದು ತಟ್ಟೆ ಕೊಂಡು, ಅಂಚಿನಲ್ಲಿ ಆ ಮಗುವಿನ ಹೆಸರು ಹಾಕಿಸಿ, ಬಂದ ತಾರೀಖನ್ನೂ ಕೊರೆಸುವುದು ಅವರ ಪದ್ಧತಿಯಾಗಿತ್ತು. ನನ್ನ ಹೆಸರಿನ ದೀರ್ಘವೊಂದು ತಪ್ಪಾಗಿ ಕೊರೆದಿದ್ದು ಹಾಗೆಯೇ ಇತ್ತು. ಹುಣಸೆಹಣ್ಣು ಹಚ್ಚಿ ಐದೂ ತಟ್ಟೆಗಳನ್ನು ಬಾವಿಕಟ್ಟೆಯ ಮೇಲೆ ಬೆಳಗಿದ ಆ ಅರ್ಧ ಗಂಟೆಯಲ್ಲಿ, ನನ್ನ ಸ್ಥಾನ ಯಾವುದು ಎಂಬ ಪ್ರಶ್ನೆ ನನ್ನನ್ನು ಬಿಟ್ಟುಹೋಯಿತು.

ಕಹಿಯೂ ಇತ್ತು, ಅದನ್ನು ಮುಚ್ಚಿಡುವುದಿಲ್ಲ. ಅಮ್ಮನ ಸಂಬಂಧಿಕರೊಬ್ಬರು ಆಮಂತ್ರಣ ಪತ್ರಿಕೆಯ ಕರಡಿನಲ್ಲಿ ‘ಆಗಮನಾಭಿಲಾಷಿಗಳು’ ಎಂಬಲ್ಲಿ ನಮ್ಮ ಹೆಸರುಗಳನ್ನು ಬಿಟ್ಟಿದ್ದರು. ಅಮ್ಮ ಯಾರೊಂದಿಗೂ ಜಗಳವಾಡದೆ, ಕೆಂಪು ಪೆನ್ನಿನಲ್ಲಿ ಐವರ ಹೆಸರನ್ನೂ ಮನೆಗೆ ಬಂದ ಕ್ರಮದಲ್ಲಿ ಬರೆದು ಪ್ರೆಸ್ಸಿಗೆ ಕಳಿಸಿದರು. ನಾಲ್ಕನೆಯವನದು ಬೇರೆಯೇ ನೋವು. 14ನೇ ವಯಸ್ಸಿನಲ್ಲಿ ಅವನ ಹೆತ್ತ ತಂದೆ ಬಂದು ಕೇಳಿದಾಗ ಅಮ್ಮ ಅವನನ್ನು ಕಳಿಸಿಕೊಟ್ಟಿದ್ದರು. ಅಲ್ಲಿ ಅವನು ಸುಖವಾಗಿರಲಿಲ್ಲ. ತಡೆಯಲು ತಮಗೆ ಯಾವ ಹಕ್ಕೂ ಇರಲಿಲ್ಲವೆಂದು ಅಮ್ಮ, ಒಂದು ಮಾತಾದರೂ ಆಡಬಹುದಿತ್ತೆಂದು ಅವನು. ಮದುವೆಯ ಹಿಂದಿನ ರಾತ್ರಿ ಹನ್ನೊಂದರ ಬಸ್ಸಿಗೆ ಬಂದಿಳಿದವನು ಯಾರೊಡನೆಯೂ ಹೆಚ್ಚು ಮಾತಾಡದೆ, ಅಡುಗೆಯವರಿಗೆ ಸೌದೆ ಹೊತ್ತು ಕೊಟ್ಟ. ನಿಮ್ಮಲ್ಲಿ ಯಾರಿಗಾದರೂ ಇಂಥ ಹಳೆಯ ಗಾಯವಿದ್ದರೆ ಅದನ್ನು ಮದುವೆಮನೆಯಲ್ಲಿ ಬಿಚ್ಚುವುದು ಬೇಡ. ಬರಲೇಬೇಕೆಂದು ಒತ್ತಾಯಿಸುವುದೂ ಬೇಡ, ಆದರೆ ದಾರಿ ನೋಡುತ್ತಿದ್ದೇವೆಂದು ತಿಳಿಸಿ.

ಕನ್ಯಾದಾನ ಯಾರು ಮಾಡಬೇಕು, ಧಾರೆ ಯಾರು ಎರೆಯಬೇಕು ಎಂಬ ಚರ್ಚೆ ನಿಮ್ಮಲ್ಲೂ ಬರಬಹುದು. ಅಮ್ಮ ಕುವೆಂಪು ರೂಪಿಸಿದ ಮಂತ್ರಮಾಂಗಲ್ಯವನ್ನು ಆರಿಸಿಕೊಂಡದ್ದರಿಂದ ನಮಗೆ ಆ ತೊಡಕು ಬರಲಿಲ್ಲ. 1966ರಲ್ಲಿ ಕುವೆಂಪು ತಮ್ಮ ಮಗ ತೇಜಸ್ವಿಯವರ ಮದುವೆಯನ್ನು ನಡೆಸಿದ ಈ ಸರಳ ಕ್ರಮದಲ್ಲಿ ಪುರೋಹಿತರು ಬೇಕಿಲ್ಲ, ಹೆಣ್ಣನ್ನು ದಾನವಾಗಿ ಕೊಡುವವರೂ ಬೇಕಿಲ್ಲ. ವಧೂವರರು ಬಂಧುಮಿತ್ರರ ಎದುರು ನಿಂತು ಪ್ರತಿಜ್ಞೆ ಮಾಡುತ್ತಾರೆ. ಅದನ್ನು ಓದಿ ಹೇಳಿಸುವ ಕೆಲಸವನ್ನು ದೊಡ್ಡಣ್ಣನಿಗೆ ಅಮ್ಮನೇ ವಹಿಸಿದರು. ನಿಮ್ಮ ತಾಯಿ ಶಾಸ್ತ್ರೋಕ್ತವಾಗಿಯೇ ಆಗುವುದಾದರೂ ಚಿಂತೆಯಿಲ್ಲ, ಯಾವ ಕೆಲಸಕ್ಕೆ ನಿಮ್ಮನ್ನು ನಿಲ್ಲಿಸಿಕೊಳ್ಳುವ ಆಸೆ ಅವರಿಗಿದೆಯೆಂದು ನೇರವಾಗಿ ಅವರನ್ನೇ ಕೇಳಿ.

ಮನೆ ಮತ್ತು ಆಸ್ತಿಯ ಮಾತು ಯಾರದಾದರೂ ಬಾಯಲ್ಲಿ ಬಂದೇ ಬರುತ್ತದೆ. ದತ್ತು ಪಡೆಯದೆ ಸಾಕಿದ ಮಕ್ಕಳಿಗೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ವಾರಸು ಹಕ್ಕಿಲ್ಲ. ಉಯಿಲಿನ ಮೂಲಕ ಕೊಟ್ಟರೆ ಮಾತ್ರ ಉಂಟು. ಹಿಂದೂಗಳು ಮೊದಲೇ ಬರೆದಿಟ್ಟ ಉಯಿಲು ಮದುವೆಯಾದ ಮಾತ್ರಕ್ಕೆ ರದ್ದಾಗುವುದಿಲ್ಲ, ಕ್ರೈಸ್ತರದಾದರೆ ರದ್ದಾಗುತ್ತದೆ. ತಿಳಿದಿರಲಿ ಎಂದು ಬರೆದೆ. ಅವರಾಗಿಯೇ ಎತ್ತುವವರೆಗೆ ನೀವು ಈ ಮಾತನ್ನು ಎತ್ತದಿರುವುದು ಒಳ್ಳೆಯದು.

ಕಾನೂನಿನ ದಾಖಲೆಗಾಗಿ ಅಮ್ಮ ಮನೆಯ ಸಮಾರಂಭದ ಹಿಂದಿನ ವಾರವೇ 1954ರ ವಿಶೇಷ ವಿವಾಹ ಕಾಯ್ದೆಯಡಿ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಮದುವೆಯಾಗಿದ್ದರು. ಅದಕ್ಕೆ 30 ದಿನಗಳ ಮುಂಚಿತ ನೋಟಿಸ್ ಬೇಕು, ವಧೂವರರ ಘೋಷಣೆಗೆ ಮೂವರು ಸಾಕ್ಷಿಗಳು ಸಹಿ ಹಾಕಬೇಕು. ಸಾಕ್ಷಿಗಳು ಬಂಧುಗಳೇ ಆಗಬೇಕೆಂಬ ನಿಯಮವಿಲ್ಲ. ಅಮ್ಮ ಮೊದಲು ಫೋನ್ ಮಾಡಿ ಕರೆದದ್ದು ನಾಲ್ಕನೆಯವನನ್ನು. ಅವನು ಒಂದು ದಿನದ ರಜೆ ಹಾಕಿ ಬಂದು, ಸಹಿ ಮಾಡಿ, ಮದುವೆಗೆ ಬರುತ್ತೇನೋ ಇಲ್ಲವೋ ಎಂದೂ ಹೇಳದೆ ಹೊರಟುಹೋಗಿದ್ದ. ಅಂದು ಗುಮಾಸ್ತರು ಆಧಾರ್ ಪ್ರತಿ ನೋಡುತ್ತ, ತಂದೆಯ ಹೆಸರು ಬೇರೆ, ಊರು ಬೇರೆ ಇರುವುದನ್ನು ಕಂಡು, “ನೀವು ಇವರಿಗೆ ಏನಾಗಬೇಕು?” ಎಂದು ಸುಮ್ಮನೆ ಕೇಳಿದರು. ಅವನು ತಲೆಯೆತ್ತದೆ “ಮಗ” ಎಂದ. ಅಮ್ಮ ಕಿಟಕಿಯ ಕಡೆ ತಿರುಗಿ ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನು ಎರಡನೆಯ ಸಾಕ್ಷಿಯಾಗಿ ಪಕ್ಕದಲ್ಲಿದ್ದ ನಾನು ನೋಡಿದೆ.

ನಿಮ್ಮ ತಾಯಿಯೂ ಈ ಕಾಯ್ದೆಯಡಿ ಮದುವೆಯಾಗುವುದಾದರೆ ನೋಟಿಸ್ ಕೊಟ್ಟ ದಿನವನ್ನು ಕೇಳಿ ತಿಳಿದುಕೊಂಡು, ಮೂವರು ಯಾರೆಂದು ಇಂದೇ ಮಾತಾಡಿಕೊಳ್ಳಿ; ಗುರುತಿನ ಚೀಟಿ ಮತ್ತು ಫೋಟೊಗಳನ್ನು ಮರೆಯದೆ ಒಯ್ಯಿರಿ. ಸಹಿ ಹಾಕದೆ ಉಳಿದ ನಾಲ್ಕನೆಯವರು ಅವರ ಪಕ್ಕದಲ್ಲಿ ನಿಂತಿರಲಿ.